ಗಾಡಿ ಕೈಕೊಟ್ಟಾಗ ಕೈಹಿಡಿಯುವವರು ಯಾರು?

ಹಲಸೂರಿನಿಂದ ಕೃಷ್ಣರಾಜಪುರದವರೆಗಿನ ಹಳೇ ಮದ್ರಾಸ್ ರಸ್ತೆಯಲ್ಲಿ ಒಮ್ಮೆಯಾದರೂ ಗಾಡಿ ನಿಂತು ಬೆವರು ಸುರಿಸದವನು ಬೆಂಗಳೂರಿನ ಪೂರ್ವ ದಿಕ್ಕಿನವನೇ ಅಲ್ಲ ಎಂದರೆ ತಪ್ಪಾಗದು. ನೆತ್ತಿಯ ಮೇಲೆ ಬಿಸಿಲು. ಬೆನ್ನ ಹಿಂದೆ ಲಾರಿಯ ಹಾರನ್ನು. ಸ್ಕೂಟರು ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಮೌನವ್ರತ ಹಿಡಿಯುತ್ತದೆ. ಸವಾರ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಬಗ್ಗಿ ನೋಡುತ್ತಾನೆ. ಗಾಡಿಯನ್ನು ಆ ಕಡೆ ಈ ಕಡೆ ಅಲ್ಲಾಡಿಸುತ್ತಾನೆ. ಒಳಗಿಂದ ಸದ್ದೇ ಇಲ್ಲ!

ಅಷ್ಟರಲ್ಲಿ ಗುರುತಿಲ್ಲದ ಇನ್ನೊಬ್ಬ ಸವಾರ ಪಕ್ಕಕ್ಕೆ ಬಂದು ವೇಗ ಕಡಿಮೆ ಮಾಡುತ್ತಾನೆ.

"ಏನ್ ಸಾರ್, ಪೆಟ್ರೋಲ್ ಮುಗೀತಾ? ಹತ್ತಿ ಕೂತ್ಕೊಳ್ಳಿ. ಹ್ಯಾಂಡಲ್ ನೆಟ್ಟಗೆ ಹಿಡ್ಕೊಳ್ಳಿ, ಸಾಕು."

ಆತ ತನ್ನ ಗಾಡಿಯ ಮೇಲೆ ಕುಳಿತೇ ಒಂದು ಕಾಲು ಚಾಚಿ, ನಿಂತ ಗಾಡಿಯ ಹಿಂಭಾಗಕ್ಕೆ ಕೊಟ್ಟು ತಳ್ಳುತ್ತಾನೆ. ಎರಡು ಗಾಡಿ, ಒಂದೇ ಇಂಜಿನ್ನು! ಹೀಗೆ ಬಂಕಿನ ಬಾಗಿಲಿಗೆ ಮುಟ್ಟಿಸಿ, ಥ್ಯಾಂಕ್ಸ್ ಹೇಳುವಷ್ಟರಲ್ಲಿ ಕೈಬೀಸಿ ಮಾಯವಾಗುತ್ತಾನೆ. ಹೆಸರಿಲ್ಲ, ವಿಳಾಸವಿಲ್ಲ. ಸಂಚಾರ ಪೊಲೀಸರು ಇದನ್ನು ಮೆಚ್ಚುವುದಿಲ್ಲ, ಅಪಾಯವೂ ಉಂಟು. ಆದರೂ ಈ ಊರಿನಲ್ಲಿ ದಿನ ಬೆಳಗಾದರೆ ಕಾಣುವ ದೃಶ್ಯ ಇದು. ಇದಕ್ಕೆ ಯಾವ ಸಂಘವೂ ಇಲ್ಲ, ಚಂದಾ ರಸೀತಿಯೂ ಇಲ್ಲ.

ಅಣ್ಣಾ ಎಂಬ ಒಂದು ಪದ

ಈ ರಸ್ತೆಗೆ ಕಾಲಕಾಲಕ್ಕೆ ಹೆಸರು ಬದಲಾಗಿದೆ. ಮೊದಲು ಇದು ಮುಂಬಯಿಯಿಂದ ಮದರಾಸಿಗೆ ಹೋಗುವ 4ನೇ ನಂಬರಿನ ರಾಷ್ಟ್ರೀಯ ಹೆದ್ದಾರಿಯ ಭಾಗವಾಗಿತ್ತು. 2010ರಲ್ಲಿ ನಂಬರುಗಳನ್ನು ತಿರುಗಿಸಿ ಬರೆದ ಮೇಲೆ ಕೋಲಾರ, ಮುಳಬಾಗಲಿನ ಕಡೆ ಹೋಗುವ ಹೆದ್ದಾರಿ 75 ಎನಿಸಿಕೊಂಡಿತು. 2003ರಲ್ಲಿ ಕೆ.ಆರ್. ಪುರಂ ರೈಲು ಹಳಿಗಳ ಮೇಲೆ ತೂಗು ಸೇತುವೆ ಬಂತು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ 2002ರಲ್ಲಿ ಬಾಗಿಲು ಹಾಕಿತು. ನಂಬರು ಹೋಯಿತು, ಸೈರನ್ನೂ ಹೋಯಿತು. ಜನ ಮಾತ್ರ ಇಂದಿಗೂ 'ಮದ್ರಾಸ್ ರೋಡು' ಎಂದೇ ಅನ್ನುತ್ತಾರೆ.

ಈ ರಸ್ತೆಯ ಉದ್ದಕ್ಕೂ ಭಾಷೆ ಮೈಲಿಗೊಂದು ಬಣ್ಣ ತಾಳುತ್ತದೆ. ಶಿವಾಜಿನಗರದಲ್ಲಿ ದಖನಿ ಉರ್ದು, ಪಕ್ಕದ ಸಂದಿಯಲ್ಲೇ ತಮಿಳು. ಹಲಸೂರು ಕೆರೆಯ ಬದಿಯಲ್ಲಿ ಮದ್ರಾಸ್ ಸ್ಯಾಪರ್ಸ್ ದಳದ ಠಾಣ್ಯ ಇದೆ. ದಂಡು ಬಂದಾಗ ಅದರ ಹಿಂದೆಯೇ ಬಂದ ಕುಟುಂಬಗಳಿಂದಾಗಿ ಅಲ್ಲಿ ತಮಿಳು ಬೇರೂರಿತು. ಇಂದಿರಾನಗರಕ್ಕೆ ಬಂದರೆ ಇಂಗ್ಲಿಷು, ಹಿಂದಿ. ಟಿನ್ ಫ್ಯಾಕ್ಟರಿ ದಾಟಿದರೆ ಕನ್ನಡದ ಜೊತೆ ತೆಲುಗು. ಹೊಸಕೋಟೆ, ಕೋಲಾರದ ಕಡೆ ಹೋದಂತೆ ಆ ಎರಡೂ ಒಂದೇ ಮನೆಯ ಅಕ್ಕತಂಗಿಯರಂತೆ ಮಾತಾಡುತ್ತವೆ.

ಹಾಗಿದ್ದಾಗ ನಡುರಸ್ತೆಯಲ್ಲಿ ಗಾಡಿ ಕೆಟ್ಟವನು ಯಾವ ಭಾಷೆಯಲ್ಲಿ ಕೂಗಬೇಕು? ಅದಕ್ಕೊಂದು ಪದ ಸಿದ್ಧವಾಗಿದೆ. 'ಅಣ್ಣಾ!' ಕನ್ನಡದವನಿಗೂ ಅದು ಅಣ್ಣ, ತೆಲುಗಿನವನಿಗೂ ಅಣ್ಣ, ತಮಿಳಿನವನಿಗೂ ಅಣ್ಣ. ಶಿವಾಜಿನಗರದ ಗುಜರಿ ಅಂಗಡಿಯ ಸಾಹೇಬರೂ ಈ ಪದಕ್ಕೆ ತಿರುಗಿ ನೋಡುತ್ತಾರೆ. ನಾಲ್ಕು ಭಾಷೆಯ ರಸ್ತೆಗೆ ಒಂದೇ ಬೀಗದಕೈ. 'ಸಾರ್' ಎಂದು ಕೂಗಿದರೆ ಒಬ್ಬರು ನಿಲ್ಲುತ್ತಾರೋ ಇಲ್ಲವೋ, 'ಅಣ್ಣಾ' ಎಂದರೆ ಇಬ್ಬರಾದರೂ ನಿಲ್ಲುತ್ತಾರೆ!

ಯಾವೂರಪ್ಪಾ?

ನಿಂತ ಮೇಲೆ ಬರುವ ಪ್ರಶ್ನೆಯೂ ಒಂದೇ: "ಯಾವೂರಪ್ಪಾ?"

ಕೋಲಾರದ ಕಡೆಯಿಂದ ತರಕಾರಿ ಹೇರಿಕೊಂಡು ಬಂದ ಟೆಂಪೋ ಟಿನ್ ಫ್ಯಾಕ್ಟರಿ ಹತ್ತಿರ ಕೆಟ್ಟು ನಿಂತಿತು ಎನ್ನಿ. ಮೊದಲ ಐದು ನಿಮಿಷ ಹಾರನ್ನಿನ ಅಭಿಷೇಕ. ಆಮೇಲೆ ಪಕ್ಕದ ಟೀ ಅಂಗಡಿಯವರು ಬರುತ್ತಾರೆ.

"ಯಾವೂರಪ್ಪಾ ನಿಂದು?"

"ಮುಳಬಾಗಲು ಕಡೆ ಅಣ್ಣಾ. ಕುರುಡುಮಲೆ ಹತ್ರ."

"ಅಯ್ಯೋ, ಕುರುಡುಮಲೆನಾ? ನಮ್ಮ ಅಕ್ಕನ್ನ ಕೊಟ್ಟಿರೋದು ಅಲ್ಲೇ ಪಕ್ಕದ ಊರಿಗೆ ಕಣಯ್ಯಾ!"

ಮುಗಿಯಿತು. ಅಲ್ಲಿಯವರೆಗೆ ಅದು ದಾರಿಗೆ ಅಡ್ಡ ನಿಂತ ಟೆಂಪೋ, ಈಗ ಅಕ್ಕನ ಊರಿನ ಟೆಂಪೋ! ಅಂಗಡಿಯ ಹುಡುಗ ಮೆಕ್ಯಾನಿಕ್‌ನನ್ನು ಕರೆಯಲು ಓಡುತ್ತಾನೆ. ಇನ್ನೊಬ್ಬರು ಗಾಡಿಯನ್ನು ಪಕ್ಕಕ್ಕೆ ತಳ್ಳಲು ಹೆಗಲು ಕೊಡುತ್ತಾರೆ. ಟೀ ಬರುತ್ತದೆ, ದುಡ್ಡು ಬೇಡ ಅನ್ನುತ್ತಾರೆ. ಬೇಕಾದ ಬಿಡಿಭಾಗ ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿಗೆ ಫೋನು. ಹಳೇ ಗಾಡಿಗಳನ್ನು ಬಿಚ್ಚಿ ಮಾರುವ ಆ ಸಂದಿಗಳಲ್ಲಿ ಹೊಸ ಅಂಗಡಿಯವರು ಕೈಚೆಲ್ಲಿದ ಸಾಮಾನು ಎಷ್ಟೋ ಸಲ ಸಿಕ್ಕಿಬಿಡುತ್ತದೆ.

ನಮ್ಮ ಜನಕ್ಕೆ ಸಹಾಯ ಮಾಡುವ ಮನಸ್ಸಿಗೇನೂ ಬರವಿಲ್ಲ. ಆದರೆ ಮನಸ್ಸಿಗೆ ಒಂದು ಎಳೆ ಬೇಕು. ಊರಿನ ಎಳೆ, ನಂಟಿನ ಎಳೆ, ಒಂದೇ ದೇವರ ಒಕ್ಕಲು ಎಂಬ ಎಳೆ. ಏನೂ ಇಲ್ಲದಿದ್ದರೆ, 'ನಮ್ಮ ಹುಡುಗನೂ ಹೀಗೇ ಗಾಡಿ ಓಡಿಸ್ತಾನೆ' ಎಂಬ ಎಳೆಯಾದರೂ ಸರಿ. ಎಳೆ ಸಿಕ್ಕಿದರೆ ಹಗ್ಗವನ್ನೇ ಹೊಸೆದುಕೊಡುತ್ತಾರೆ.

ಒಂದು ನೋಟು, ಇಬ್ಬರು ಪ್ರಯಾಣಿಕರು

ಬಸ್ಸಿನಲ್ಲಿ ಓಡಾಡುವವರಿಗೆ ಈ ಎಳೆಯನ್ನು ಹೊಸೆಯುವ ಕೆಲಸ ಕಂಡಕ್ಟರರದ್ದು. ಕೆಂಪು ಬಿಟಿಎಸ್ ಬಸ್ಸುಗಳ ಕಾಲದಲ್ಲೂ ಹಾಗೇ, 1997ರಲ್ಲಿ ಬಿಎಂಟಿಸಿ ಆದ ಮೇಲೂ ಹಾಗೇ. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಬೆನ್ನ ಮೇಲೆ ಬಾಕಿ ಬರೆದು ಕೊಡುವುದು ಒಂದು ದಾರಿ. ಇನ್ನೊಂದು ದಾರಿ ಅದಕ್ಕಿಂತ ಸೊಗಸು.

"ನಿಮಗೆ ಐದು, ಈ ಯಮ್ಮಂಗೆ ಐದು. ತಗೊಳ್ಳಿ ಹತ್ತು ರೂಪಾಯಿ. ಇಬ್ರೂ ಹಂಚ್ಕೊಳ್ಳಿ."

ಒಬ್ಬರು ಹಲಸೂರಿನಲ್ಲಿ ಇಳಿಯಬೇಕು, ಇನ್ನೊಬ್ಬರು ಕೆ.ಆರ್. ಪುರಂನಲ್ಲಿ. ಮುಖ ಪರಿಚಯವೂ ಇಲ್ಲ. ಒಂದು ನೋಟು ಇಬ್ಬರನ್ನೂ ಕಟ್ಟಿಹಾಕುತ್ತದೆ! ಇಳಿದು ಬೀಡಾ ಅಂಗಡಿಯಲ್ಲಿ ಚಿಲ್ಲರೆ ಮಾಡಿಸುವಷ್ಟರಲ್ಲಿ ಮಗನ ಓದು, ಮಗಳ ಮದುವೆ, ಮನೆ ಬಾಡಿಗೆ ಎಲ್ಲ ಮಾತಾಗಿರುತ್ತದೆ. ಫೋನಿನಲ್ಲೇ ದುಡ್ಡು ಕೊಡುವ ಕಾಲ ಬಂದ ಮೇಲೆ ಈ ಚಿಲ್ಲರೆ ನೆಂಟಸ್ತಿಕೆ ಕಡಿಮೆಯಾಗುತ್ತಿದೆ. ಲೆಕ್ಕ ಸಲೀಸಾಯಿತು ನಿಜ, ಮಾತು ನಷ್ಟವಾಯಿತು.

ಬಸ್ಸೇ ಕೆಟ್ಟು ನಿಂತಾಗ ಕಂಡಕ್ಟರರು "ಟಿಕೆಟ್ ಇಟ್ಕೊಳ್ಳಿ, ಹಿಂದಿನ ಬಸ್ಸಿಗೆ ಹತ್ತಿಸ್ತೀವಿ" ಎನ್ನುತ್ತಾರೆ. ಆಗ ಪ್ರಯಾಣಿಕರೆಲ್ಲ ಒಂದೇ ಪಕ್ಷ. ಮುದುಕಿಯ ಗಂಟನ್ನು ಕಾಲೇಜು ಹುಡುಗ ಎತ್ತಿಕೊಳ್ಳುತ್ತಾನೆ. ಮಗುವಿರುವ ತಾಯಿಯನ್ನು ಮೊದಲು ಹತ್ತಿಸುತ್ತಾರೆ. ಅರ್ಧ ಗಂಟೆ ಮುಂಚೆ ಕಿಟಕಿ ಸೀಟಿಗಾಗಿ ಜಗಳವಾಡಿದವರೂ ಇವರೇ!

ಮೆಟ್ರೋ ಬಂದ ಹೊಸದರಲ್ಲೂ ಇಂಥದೊಂದು ಆಟ ನಡೆಯಿತು. 2023ರ ಮಾರ್ಚ್ 25ರಂದು ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ ರೈಲು ಓಡತೊಡಗಿತು. ಬೈಯಪ್ಪನಹಳ್ಳಿಯಿಂದ ಆಚೆ ಮೊದಲೇ ರೈಲಿತ್ತು. ನಡುವೆ ಮಾತ್ರ ಸುಮಾರು ಎರಡು ಕಿಲೋಮೀಟರು ಖಾಲಿ! ಅಲ್ಲಿಳಿದು ಬಸ್ಸು ಹಿಡಿದು, ಟಿನ್ ಫ್ಯಾಕ್ಟರಿಯ ಗದ್ದಲ ದಾಟಿ, ಮತ್ತೆ ರೈಲು ಹತ್ತಬೇಕಿತ್ತು. ಆ ವರ್ಷ ಅಕ್ಟೋಬರ್ 9ರಂದು ಕೊಂಡಿ ಕೂಡುವವರೆಗೂ ಹೊಸಬರಿಗೆ ದಾರಿ ತೋರಿಸುವ ಕೆಲಸ ಹಳಬರ ಪಾಲಿಗೆ ಬಂತು.

ನೀರು ನುಗ್ಗಿದಾಗ, ಮೊಳೆ ಚುಚ್ಚಿದಾಗ

ದಾರಿಹೋಕರಿಗೆ ನೆರವಾಗುವುದು ಈ ನಾಡಿಗೆ ಹೊಸದಲ್ಲ. ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟು ನೀರು, ಮಜ್ಜಿಗೆ ಕೊಟ್ಟವರು ನಮ್ಮ ಹಿರಿಯರು. ಬೆಂಗಳೂರಿಗೆ ಬಂದಿಳಿದವರು ತಂಗಲೆಂದು ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರ 1903ರಲ್ಲಿ ಬಾಗಿಲು ತೆರೆಯಿತು. ಹಲಸೂರು ಕೆರೆ ದಂಡೆಯ ಗುರುದ್ವಾರದಲ್ಲಿ ಲಂಗರಿನ ಪಂಕ್ತಿಗೆ ಕುಳಿತವರನ್ನು ಯಾವ ಜಾತಿ, ಯಾವ ಊರು ಎಂದು ಯಾರೂ ಕೇಳುವುದಿಲ್ಲ. ಹಸಿದು ಬಂದವರಿಗೆ ರೊಟ್ಟಿ, ಬೇಳೆ. ಅಷ್ಟೇ ಅಲ್ಲಿಯ ಕಾನೂನು.

ಹೊಸ ಕಾಲದಲ್ಲೂ ಉದಾಹರಣೆಗಳು ಬೇಕಾದಷ್ಟಿವೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ನಗರದ ಪೂರ್ವ ಭಾಗದ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರಿನ ಕಡೆ ರಸ್ತೆಗಳೆಲ್ಲ ಕೆರೆಯಾದವು. ಲಕ್ಷಗಟ್ಟಲೆ ಬೆಲೆಯ ಕಾರುಗಳು ನೀರಿನಲ್ಲಿ ಮುಳುಗಿ ಕುಳಿತವು. ಕಂಪ್ಯೂಟರ್ ಕಂಪನಿಯ ನೌಕರರನ್ನು ಆಫೀಸಿಗೆ ಮುಟ್ಟಿಸಿದ್ದು ಯಾವುದು? ಟ್ರ್ಯಾಕ್ಟರು! ಕೊರಳಿಗೆ ಗುರುತಿನ ಚೀಟಿ, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ನಿಂತಿರುವುದು ಟ್ರೈಲರಿನಲ್ಲಿ. ಆ ಫೋಟೋಗಳನ್ನು ದೇಶವೇ ನೋಡಿತು. ಕೆಲವರು ಬಾಡಿಗೆ ತೆಗೆದುಕೊಂಡರು. ತೆಗೆದುಕೊಳ್ಳಲಿ ಬಿಡಿ, ಡೀಸೆಲ್ಲೇನು ಮಳೆಯಲ್ಲಿ ಸುರಿಯುತ್ತದೆಯೇ? ಊರೊಳಗೆ ಇಂಥದ್ದಕ್ಕೇನು ಕೆಲಸ ಎಂದು ಎಲ್ಲರೂ ಮರೆತಿದ್ದ ಗಾಡಿ, ಆ ವಾರ ಎಲ್ಲರಿಗೂ ನೆಂಟನಾಯಿತು.

ಅದೇ ಹೊರವರ್ತುಲ ರಸ್ತೆಯಲ್ಲಿ ಇನ್ನೊಂದು ಕಥೆ. 2010ರ ದಶಕದಲ್ಲಿ ಅಲ್ಲಿ ಗಾಡಿಗಳಿಗೆ ಮೇಲಿಂದ ಮೇಲೆ ಪಂಚರು. ಯಾರೋ ಬೇಕೆಂದೇ ಮೊಳೆ ಚೆಲ್ಲುತ್ತಿದ್ದಾರೆ ಎಂಬ ಗುಮಾನಿ. ಪದೇ ಪದೇ ಪಂಚರಾಗಿ ಬೇಸತ್ತ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಬೈಯುತ್ತಾ ಕೂರಲಿಲ್ಲ. ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿಕೊಂಡು, ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ದಿನವೂ ಮೊಳೆ ಹೆಕ್ಕತೊಡಗಿದರು. ಹೆಕ್ಕಿದ್ದು ಒಂದೆರಡಲ್ಲ, ಕಿಲೋಗಟ್ಟಲೆ! ಅವರಿಂದಾಗಿ ಪಂಚರಾಗದೆ ಮನೆ ಸೇರಿದ ಸವಾರರು ಎಷ್ಟೋ. ಪಂಚರಾಗದವರಿಗೆ ತಮ್ಮ ಉಪಕಾರಿ ಯಾರೆಂದು ತಿಳಿಯುವುದಾದರೂ ಹೇಗೆ?

ನಾಲ್ವರು ತಳ್ಳುವವರು, ನಲವತ್ತು ನೋಡುವವರು

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಲೇಬೇಕು. ಅದು ಕಹಿ.

ಗಾಡಿ ಕೆಟ್ಟು ನಿಂತರೆ ನಾಲ್ಕು ಜನ ಬಂದು ತಳ್ಳುತ್ತಾರೆ. ಅದೇ ರಸ್ತೆಯಲ್ಲಿ ಮನುಷ್ಯ ಬಿದ್ದರೆ ನಲವತ್ತು ಜನ ಸುತ್ತ ನಿಲ್ಲುತ್ತಾರೆ. ಆದರೆ ಮುಂದೆ ಬರುವ ಕೈ ಎಷ್ಟು?

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ನಡೆದದ್ದನ್ನು ಕನ್ನಡ ನಾಡು ಮರೆತಿಲ್ಲ. ಊರಿನಿಂದ ಬೆಂಗಳೂರಿಗೆ ಬೈಕಿನಲ್ಲಿ ಬರುತ್ತಿದ್ದ ಯುವಕನಿಗೆ ಲಾರಿ ಬಡಿದು ದೇಹ ಎರಡು ತುಂಡಾಯಿತು. ಪ್ರಾಣ ಇನ್ನೂ ಇತ್ತು, ಪ್ರಜ್ಞೆಯೂ ಇತ್ತು. ನೆರವಿಗಾಗಿ ಅಂಗಲಾಚಿದ. ಸುತ್ತ ನೆರೆದವರಲ್ಲಿ ಕೆಲವರು ಫೋನು ಹಿಡಿದು ಚಿತ್ರ ತೆಗೆಯುತ್ತಿದ್ದರು. ಆತ ಮಾತ್ರ, ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು ಹೇಳಿ ಕಣ್ಣು ಮುಚ್ಚಿದ. ಆತನ ಕಣ್ಣುಗಳು ದಾನವಾದವು. ಮರು ತಿಂಗಳೇ ಸರ್ಕಾರ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' ಎಂದು ಅವನ ಹೆಸರಿನಲ್ಲೇ ಒಂದು ಯೋಜನೆ ತಂದಿತು. ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆ ಪುಕ್ಕಟೆ ಎಂಬುದು ಅದರ ತಿರುಳು.

ಸಾಯುವವನೇ ಇತರರಿಗೆ ಕಣ್ಣು ಕೊಟ್ಟು ಹೋದ. ಕಣ್ಣಿದ್ದವರು ನೋಡುತ್ತಾ ನಿಂತರು. ಇದಕ್ಕಿಂತ ನಾಚಿಕೆಯ ಸಂಗತಿ ಬೇರೆ ಉಂಟೇ?

ಹಾಗೆಂದು ನಿಂತವರೆಲ್ಲ ಕಲ್ಲೆದೆಯವರು ಎಂದರೆ ಅದೂ ಸುಳ್ಳು. ಸ್ಕೂಟರು ತಳ್ಳುವವರೂ ಟೆಂಪೋಗೆ ಹೆಗಲು ಕೊಡುವವರೂ ಇದೇ ಜನ. ರಕ್ತ ಕಂಡಾಗ ಕಾಲು ಹಿಂದೆ ಸರಿಯಲು ಕಾರಣ ಭಯ. "ನಮಗ್ಯಾಕಪ್ಪಾ ಊರ ಉಸಾಬರಿ? ಮುಟ್ಟಿದ್ರೆ ನಾಳೆ ಸ್ಟೇಷನ್ನಿಗೆ ಕರೀತಾರೆ. ನಾಡಿದ್ದು ಕೋರ್ಟು. ಅಂಗಡಿ ಬಾಗಿಲು ಹಾಕ್ಕೊಂಡು ಸಾಕ್ಷಿ ಹೇಳೋಕೆ ಅಲೀಬೇಕು. ಆಸ್ಪತ್ರೆಯವರು ದುಡ್ಡು ಕಟ್ಟು ಅಂತ ನಮ್ಮನ್ನೇ ಹಿಡ್ಕೋತಾರೆ." ಈ ಭಯ ಹುಟ್ಟಿದ್ದು ಗಾಳಿಯಿಂದಲ್ಲ. ಹಿಂದೆ ಹಾಗೆ ಅಲೆದವರು ಇದ್ದಾರೆ.

ಇನ್ನೂ ಒಂದು ಮಾತು. ಬಿದ್ದವನ ಜೊತೆ 'ಯಾವೂರು' ಎಂಬ ಎಳೆಯನ್ನು ಹುಡುಕಲು ಆಗುವುದಿಲ್ಲ. ಪ್ರಜ್ಞೆ ಇಲ್ಲದವನು ಊರು ಹೇಳುವುದೆಲ್ಲಿಂದ? ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಕೂಲಿ ಹುಡುಗನಾದರೆ ಅಕ್ಕನ ಊರು ಎಲ್ಲಿ ಸಿಗಬೇಕು? ಅವನಿಗೆ ಎಳೆ ಸಿಗುವವರೆಗೆ ಕಾಯಲು ಹೊತ್ತಿಲ್ಲ. ಗಾಯವಾದ ಮೊದಲ ಒಂದು ಗಂಟೆಯನ್ನು ವೈದ್ಯರು ಚಿನ್ನದ ಗಂಟೆ ಎನ್ನುತ್ತಾರೆ. ಮೋಟಾರು ವಾಹನ ಕಾಯಿದೆಯಲ್ಲೂ ಈಗ ಆ ಮಾತು ಸೇರಿದೆ.

ಕಾನೂನು ಈಗ ಯಾರ ಕಡೆ?

ಭಯ ಹಳೆಯದು, ಕಾನೂನು ಹೊಸದು. ಇದು ಅಂಗಡಿ ಅಂಗಡಿಗೂ ತಿಳಿಯಬೇಕಾದ ವಿಷಯ.

2007ರಲ್ಲಿ ರಸ್ತೆಯಲ್ಲಿ ಗಾಡಿ ಬಡಿದು ಬಿದ್ದ ಹದಿಹರೆಯದ ಹುಡುಗನೊಬ್ಬ ಯಾರೂ ಕೈಹಿಡಿಯದೆ ಸತ್ತ. ಅವನ ಅಣ್ಣನ ವರಸೆಯ ಪೀಯೂಷ್ ತಿವಾರಿ ಅವರು ಮರುವರ್ಷ 'ಸೇವ್‌ಲೈಫ್ ಫೌಂಡೇಷನ್' ಎಂಬ ಸಂಸ್ಥೆ ಕಟ್ಟಿದರು. ಆ ಸಂಸ್ಥೆ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ನೆರವಿಗೆ ಬಂದವರನ್ನು ಕಾಡಬಾರದು ಎಂಬ ಕೇಂದ್ರದ ಮಾರ್ಗಸೂಚಿಗಳಿಗೆ 2016ರ ಮಾರ್ಚ್ 30ರಂದು ಕೋರ್ಟು ಕಾನೂನಿನ ಬಲ ಕೊಟ್ಟಿತು. ಅದೇ ವರ್ಷ ಕರ್ನಾಟಕದ ವಿಧಾನಮಂಡಲ ತನ್ನದೇ ಕಾಯಿದೆಗೆ ಒಪ್ಪಿಗೆ ಕೊಟ್ಟಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಇಂಥ ಕಾಯಿದೆ ತಂದ ಮೊದಲ ರಾಜ್ಯ ನಮ್ಮದೇ! 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮು ಸೇರಿತು. 2020ರಲ್ಲಿ ಅದರ ನಿಯಮಗಳೂ ಬಂದವು.

ಇವೆಲ್ಲ ಸೇರಿ ಹೇಳುವುದಿಷ್ಟು. ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ ಗಾಯಾಳುವಿಗೆ ನೆರವಾದವರ ಮೇಲೆ ಅದೇ ಕಾರಣಕ್ಕೆ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಹೇಳು ಎಂದು ಪೊಲೀಸರು ಬಲವಂತ ಮಾಡುವಂತಿಲ್ಲ. ಸಾಕ್ಷಿ ಹೇಳುತ್ತೇನೆ ಎಂದು ತಾವಾಗಿಯೇ ಮುಂದೆ ಬಂದರೆ, ಅವರಿಗೆ ಅನುಕೂಲವಾದ ಜಾಗದಲ್ಲಿ, ಅನುಕೂಲವಾದ ಹೊತ್ತಿನಲ್ಲಿ ವಿಚಾರಿಸಬೇಕು. ಆಸ್ಪತ್ರೆಯವರು ಕರೆತಂದವರನ್ನು ತಡೆದು ನಿಲ್ಲಿಸುವಂತಿಲ್ಲ, ದುಡ್ಡು ಕಟ್ಟು ಎನ್ನುವಂತಿಲ್ಲ. ಈ ಹಕ್ಕುಗಳನ್ನು ಆಸ್ಪತ್ರೆಯ ಬಾಗಿಲಲ್ಲೇ ಜನರ ಭಾಷೆಯಲ್ಲಿ ಬರೆದು ಹಾಕಬೇಕು ಎಂಬುದೂ ನಿಯಮ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಫಲಕ ಇದೆಯೇ ಎಂದು ಕಣ್ಣಾಡಿಸಿ ನೋಡಿ. ಇಲ್ಲದಿದ್ದರೆ ಕೇಳಿ. ಕೇಳುವುದಕ್ಕೇನು ಕಾಸು ಬೇಕೆ?

ಒಂದು ಎಚ್ಚರ. ಈ ರಕ್ಷಣೆ ಇರುವುದು ದಾರಿಹೋಕ ನೆರವುದಾರರಿಗೆ. ತಾನೇ ಗುದ್ದಿದ ಡ್ರೈವರನಿಗೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು ಉಪಕಾರವಲ್ಲ, ಕರ್ತವ್ಯ.

ಹಣದ ವಿಷಯವೂ ಬದಲಾಗಿದೆ. ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿಯಾದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದಿಲ್ಲದ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಗಂಭೀರವಾಗಿ ಗಾಯಗೊಂಡವರನ್ನು ಆ ಮೊದಲ ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿದವರಿಗೆ 2021ರಲ್ಲಿ 5 ಸಾವಿರ ರೂಪಾಯಿ ಬಹುಮಾನವಿತ್ತು. 2025ರಲ್ಲಿ ಅದನ್ನು 25 ಸಾವಿರಕ್ಕೆ ಏರಿಸಲಾಯಿತು. ದುಡ್ಡಿಗಾಗಿ ಯಾರೂ ಓಡಿಹೋಗುವುದಿಲ್ಲ, ನಿಜ. ಆದರೆ ಸರ್ಕಾರವೇ ಬೆನ್ನು ತಟ್ಟುವಾಗ ಠಾಣೆಯ ಭಯ ಇನ್ನೂ ಏಕೆ?

ಟ್ರಿನಿಟಿ ಸರ್ಕಲ್ಲಿನ ಆ ಒಂದು ನಿಮಿಷ

ಭಯ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹಲಸೂರಿನ ಪಕ್ಕದ ಟ್ರಿನಿಟಿ ಸರ್ಕಲ್ಲೇ ಸಾಕು.

2017ರ ಜೂನ್ 17. ಮೆಟ್ರೋದ ಹಸಿರು ಮಾರ್ಗದ ಉದ್ಘಾಟನೆಗೆಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ನಗರಕ್ಕೆ ಬಂದಿದ್ದರು. ರಾಜಭವನದ ಕಡೆ ಅವರ ವಾಹನಗಳ ಸಾಲು ಸಾಗುತ್ತಿತ್ತು. ಟ್ರಿನಿಟಿ ಸರ್ಕಲ್ಲಿನಲ್ಲಿ ಡ್ಯೂಟಿಯಲ್ಲಿದ್ದವರು ಸಂಚಾರ ಸಬ್ ಇನ್‌ಸ್ಪೆಕ್ಟರ್ ಎಂ. ಎಲ್. ನಿಜಲಿಂಗಪ್ಪ. ವಾಹನಗಳ ನಡುವೆ ಒಂದು ಆಂಬುಲೆನ್ಸು ಸಿಕ್ಕಿಬಿದ್ದಿರುವುದು ಅವರ ಕಣ್ಣಿಗೆ ಬಿತ್ತು. ಎಚ್‌ಎಎಲ್ ಕಡೆಯ ಆಸ್ಪತ್ರೆಯೊಂದಕ್ಕೆ ಹೊರಟ ಗಾಡಿ ಅದು.

ಒಂದು ಕಡೆ ದೇಶದ ಮೊದಲ ಪ್ರಜೆ. ಇನ್ನೊಂದು ಕಡೆ ಹೆಸರೇ ಗೊತ್ತಿಲ್ಲದ ರೋಗಿ. ನಿಜಲಿಂಗಪ್ಪನವರು ರಾಷ್ಟ್ರಪತಿಗಳ ವಾಹನಗಳನ್ನು ತಡೆದು ಆಂಬುಲೆನ್ಸಿಗೆ ದಾರಿ ಬಿಡಿಸಿದರು!

ನೌಕರಿ ಹೋಯಿತು ಎಂದುಕೊಂಡಿರಾ? ಇಲ್ಲ. ಇಲಾಖೆ ಬಹುಮಾನ ಕೊಟ್ಟಿತು, ಮೇಲಧಿಕಾರಿಗಳು ಹೊಗಳಿದರು, ದೇಶದ ಪತ್ರಿಕೆಗಳು ಬರೆದವು. ಆ ರೋಗಿಯ ಊರು ಯಾವುದು, ಯಾರ ಕಡೆಯವರು ಎಂದು ಅವರು ವಿಚಾರಿಸಲಿಲ್ಲ. ವಿಚಾರಿಸಲು ಹೊತ್ತೂ ಇರಲಿಲ್ಲ.

ಅಂಗಡಿಯವರೇ, ಬಸ್ಸಿಗೆ ಕಾಯುವವರೇ

ರಸ್ತೆಯಲ್ಲಿ ಏನೇ ನಡೆದರೂ ಮೊದಲು ನೋಡುವವರು ಇಬ್ಬರು: ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಅಂಗಡಿಯವರು, ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿರುವವರು. ಪೊಲೀಸರು ಬರುವುದು ಆಮೇಲೆ, ಆಂಬುಲೆನ್ಸು ಬರುವುದು ಆಮೇಲೆ. ನಡುವಿನ ಹತ್ತು ನಿಮಿಷ ಇವರದೇ.

ಆ ಹತ್ತು ನಿಮಿಷದಲ್ಲಿ ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. 108ಕ್ಕೆ ಫೋನು ಮಾಡುವುದು ಮೊದಲನೆಯದು. 2008ರ ನವೆಂಬರ್ 1ರಿಂದ ರಾಜ್ಯದಲ್ಲಿ ಈ ಆಂಬುಲೆನ್ಸು ಪುಕ್ಕಟೆಯಾಗಿ ಓಡುತ್ತಿದೆ. ಪೊಲೀಸರಿಗೆ 112. ಜಾಗ ಹೇಳುವಾಗ ಗುರುತು ಹೇಳಿ: ಯಾವ ಮೆಟ್ರೋ ಕಂಬದ ನಂಬರು, ಯಾವ ಸ್ಟಾಪು, ಯಾವ ಬ್ಯಾಂಕಿನ ಎದುರು. 'ಹಳೇ ಮದ್ರಾಸ್ ರೋಡು' ಎಂದಷ್ಟೇ ಹೇಳಿದರೆ ಆಂಬುಲೆನ್ಸಿನವರು ಹಲಸೂರಿನಲ್ಲಿ ಹುಡುಕಬೇಕೋ ಭಟ್ಟರಹಳ್ಳಿಯಲ್ಲಿ ಹುಡುಕಬೇಕೋ?

ರಕ್ತ ಸುರಿಯುತ್ತಿದ್ದರೆ ಚೊಕ್ಕ ಬಟ್ಟೆ ಇಟ್ಟು ಒತ್ತಿ ಹಿಡಿಯಬೇಕು. ಪಾಪ ಎಂದು ನೀರು ಕುಡಿಸಲು ಹೋಗಬಾರದು. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರುವಂತೆ ಕಂಡರೆ ಎಳೆದಾಡಬಾರದು. ಇಬ್ಬರು ರಸ್ತೆಗೆ ಅಡ್ಡ ನಿಂತು ಬೇರೆ ಗಾಡಿಗಳನ್ನು ಪಕ್ಕಕ್ಕೆ ಕಳಿಸಿದರೆ ಅದೇ ದೊಡ್ಡ ಉಪಕಾರ. ಸರ್ಕಾರಿ ಆಸ್ಪತ್ರೆಗಳು ಈ ದಾರಿಯುದ್ದಕ್ಕೂ ಇವೆ. ಶಿವಾಜಿನಗರದಲ್ಲಿ ಬೌರಿಂಗ್, ಇಂದಿರಾನಗರದ ಆಚೆ ಸಿ.ವಿ. ರಾಮನ್ ನಗರದ ಆಸ್ಪತ್ರೆ, ಮುಂದೆ ಕೆ.ಆರ್. ಪುರಂನ ಆಸ್ಪತ್ರೆ.

ಲಾರಿ, ಟೆಂಪೋ ಡ್ರೈವರುಗಳಿಗೂ ಒಂದು ಮಾತು. ಗಾಡಿ ಕೆಟ್ಟಾಗ ಹಿಂದೆ ಸೊಪ್ಪಿನ ಕೊಂಬೆ, ದಪ್ಪ ಕಲ್ಲು ಇಡುವ ರೂಢಿ ಇದೆ. ರಿಪೇರಿ ಮುಗಿಸಿ ಹೊರಡುವಾಗ ಕಲ್ಲನ್ನು ಅಲ್ಲೇ ಬಿಟ್ಟರೆ, ಕತ್ತಲಲ್ಲಿ ಬರುವ ಬೈಕಿನವನಿಗೆ ಅದೇ ಯಮ. ನಿಮ್ಮ ಗಾಡಿಯನ್ನು ನಾಲ್ಕು ಜನ ತಳ್ಳಿದರು. ಹಿಂದೆ ಬರುವವನಿಗಾಗಿ ನಾಲ್ಕು ಕಲ್ಲು ಎತ್ತಿಡುವುದು ಹೆಚ್ಚೇ?

ಈ ರಸ್ತೆಯ ಜನಕ್ಕೆ ಯಾರೂ ದಯೆ ಕಲಿಸಬೇಕಿಲ್ಲ. ಅದು ಅವರ ಕಾಲಿನಲ್ಲೂ ಇದೆ, ಹೆಗಲಿನಲ್ಲೂ ಇದೆ, ಒಂದು ನೋಟನ್ನು ಇಬ್ಬರು ಹಂಚಿಕೊಳ್ಳುವ ಲೆಕ್ಕದಲ್ಲೂ ಇದೆ. ಸ್ಕೂಟರಿಗೆ ತೋರಿಸುವ ಆ ದಯೆಯನ್ನು ಬಿದ್ದ ಸವಾರನಿಗೂ ತೋರಿಸಿದರೆ ಆಯಿತು. 108 ಮತ್ತು 112 ಎಂಬ ಎರಡು ನಂಬರುಗಳನ್ನು ಇವತ್ತೇ ಸುಣ್ಣದ ಕಡ್ಡಿಯಲ್ಲಿ ಶಟರಿನ ಒಳಬದಿಗೆ ಬರೆದಿಡಿ. ಬೇಕಾದ ಹೊತ್ತಿಗೆ ಹುಡುಕಾಡುವುದು ತಪ್ಪುತ್ತದೆ. 'ಯಾವೂರಪ್ಪಾ' ಎಂದು ಕೇಳುವುದಿದ್ದರೆ, ಆತ ಆಸ್ಪತ್ರೆಯಿಂದ ಎದ್ದು ಬಂದ ಮೇಲೆ ಕೇಳೋಣ.